ದೊಡ್ಡಮ್ಮನಿಗೆ ಕೊಟ್ಟ ಕರೆಂಟು

ಮೊನ್ನೆ ಮಧ್ಯಾಹ್ನ ಫ್ಯಾನು ನಿಂತು ಬೆವರು ಸುರಿಯುತ್ತಿದ್ದಾಗ ಪಕ್ಕದ ಮನೆಯ ಹುಡುಗಿ ಗೋಡೆಯಾಚೆಯಿಂದ "ಟೀಚರೇ, ಕರೆಂಟು ಬಂತು" ಎಂದು ಕೂಗಿ ಹೇಳಿದಳು. ಗಾಳಿ ಬೀಸಿಕೊಳ್ಳುತ್ತಿದ್ದ ಪೇಪರನ್ನು ಕೆಳಗಿಟ್ಟು ಒಬ್ಬಳೇ ನಕ್ಕೆ. ನೋಡಿ, ಆ ಪದ ಕಿವಿಗೆ ಬಿದ್ದರೆ ನಿಮಗೆ ಬಲ್ಬು ನೆನಪಾಗಬಹುದು. ನನಗೆ ನೆನಪಾಗುವುದು ಇನ್ನಂಜೆಯ ಗಿರಿಜ ದೊಡ್ಡಮ್ಮ.

ಅವರು ನನ್ನ ಅಮ್ಮನ ಅಕ್ಕ. ಮದುವೆಯಾಗಿರಲಿಲ್ಲ. ಮನೆಯ ಹಿಂದಿನ ಮಲ್ಲಿಗೆ ಗಿಡಗಳೇ ಅವರ ಸಂಸಾರ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತು ಮೀರುವ ಮೊದಲು ಹೂ ಕೊಳ್ಳುವವರ ಕಟ್ಟೆಗೆ ಮುಟ್ಟಿಸಬೇಕು. ಅವರ ಬೆರಳಿನ ಓಟ ನೋಡುವಂಥದ್ದು. ಜೊತೆಗೆ ಅವರ ಕಿವಿಯಲ್ಲಿ ಯಾರೋ ಮಾತಾಡುತ್ತಿದ್ದರು. ಯಾರೂ ಇಲ್ಲದ ಕಡೆ ತಿರುಗಿ "ಸುಮ್ಮನಿರು, ಕೆಲಸ ಉಂಟು" ಎಂದು ಗದರುತ್ತಿದ್ದರು. ನಾವು ಮಕ್ಕಳು ಅದಕ್ಕೆ ಎಷ್ಟು ಒಗ್ಗಿಹೋಗಿದ್ದೆವೆಂದರೆ, ಬೇರೆ ಮನೆಯ ದೊಡ್ಡಮ್ಮಂದಿರು ಗಾಳಿಯೊಂದಿಗೆ ಯಾಕೆ ಜಗಳವಾಡುವುದಿಲ್ಲ ಎಂದು ನಮಗೆ ಆಶ್ಚರ್ಯ. ಮದ್ದು ನುಂಗಿದರೆ ಆ ಮಾತು ಸಣ್ಣದಾಗುತ್ತಿತ್ತು, ಪೂರ್ತಿ ನಿಲ್ಲುತ್ತಿರಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ, ನಾನು ಕಾಪುವಿನ ಒಂದು ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದಾಗ, ದೊಡ್ಡಮ್ಮನ ಎದೆಯಲ್ಲಿ ಗಂಟು ಕಂಡಿತು. ಕ್ಯಾನ್ಸರ್. ಆ ಹೆಸರನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, 'ಆ ಕಾಯಿಲೆ' ಎನ್ನುತ್ತಿದ್ದರು. ಮಣಿಪಾಲದಲ್ಲಿ ಆಪರೇಷನ್ ಆಯಿತು. ದೊಡ್ಡಮ್ಮ ಒಂದು ತಕರಾರಿಲ್ಲದೆ ಮಾಡಿಸಿಕೊಂಡರು. ಗಾಯ ಒಣಗಿದ ಮೇಲೆ ಡಾಕ್ಟರು, ಇನ್ನು ಕೆಲವು ವಾರ ರೇಡಿಯೇಷನ್ ಆಗಬೇಕು, ಇಲ್ಲದಿದ್ದರೆ ಕಾಯಿಲೆ ತಿರುಗಿ ಬರುವ ಭಯ ಉಂಟು ಎಂದರು. ರೇಡಿಯೇಷನ್ ಎಂಬುದು ನಮ್ಮ ಬಾಯಿಗೆ ದೊಡ್ಡ ತುತ್ತು. ಆಯಾ, ಪಕ್ಕದ ಹಾಸಿಗೆಯವರು, ದೊಡ್ಡಮ್ಮನ ತಮ್ಮನಾದ ನನ್ನ ಮಾವ, ಎಲ್ಲರೂ ಹೇಳುವುದು ಒಂದೇ: ಕರೆಂಟು ಕೊಡುವುದು.

ನಾನೂ ಪಕ್ಕದಲ್ಲಿ ಕೂತು, ಸ್ವಲ್ಪ ಕರೆಂಟು ಕೊಡ್ತಾರೆ ಅಷ್ಟೆ, ನೋವಾಗುವುದಿಲ್ಲ ಎಂದು ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ. ದೊಡ್ಡಮ್ಮ ಮಂಚದ ಸರಳನ್ನು ಗಟ್ಟಿ ಹಿಡಿದುಕೊಂಡರು. ಬಿಡಿಸಲಿಕ್ಕೆ ಆಗಲಿಲ್ಲ. ಮರುದಿನವೂ ಅದೇ ಕಥೆ. ಮಾವನಿಗೆ ಸಿಟ್ಟು ನೆತ್ತಿಗೇರಿತು. ತಲೆ ಸರಿ ಇಲ್ಲದವಳಿಗೆ ಎಷ್ಟು ಹೇಳಿ ಏನು ಪ್ರಯೋಜನ, ಮನೆಗೆ ಕರೆದುಕೊಂಡು ಹೋಗುವ, ದೇವರು ಇಟ್ಟ ಹಾಗೆ ಆಗಲಿ ಎಂದುಬಿಟ್ಟರು. ಮನೆಗೆ ಹೋಗುವುದೆಂದರೆ ಏನೆಂದು ನನಗೆ ಗೊತ್ತಿತ್ತು. ವರಾಂಡಕ್ಕೆ ಬಂದು ಅತ್ತೆ.

ಸಿಸಿಲಿಯಾ ಬಾಯಿ ಬಂದದ್ದು ಆಗ. ಕಾರ್ಕಳದ ಹತ್ತಿರ ಕುಕ್ಕುಂದೂರಿನವರು, ಮನೆಮಾತು ಕೊಂಕಣಿ, ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆ. ಹಾಗೊಂದು ಉದ್ಯೋಗ ಉಂಟೆಂದೇ ನನಗೆ ತಿಳಿದಿರಲಿಲ್ಲ. ಅವರು ದೊಡ್ಡಮ್ಮನಿಗೆ ಬುದ್ಧಿ ಹೇಳಲು ಹೋಗಲಿಲ್ಲ. ನನ್ನಿಂದ ಮನೆಯ ಮೊಗ್ಗು ತರಿಸಿ, ಎದುರಿಗೆ ಕೂತು ತಾವೇ ಕಟ್ಟಲು ಹೊರಟರು. ದಂಡೆ ಎತ್ತಿದರೆ ಅರ್ಧ ಮೊಗ್ಗು ಮಡಿಲಿಗೆ ಉದುರಬೇಕು, ಅಂಥ ಕಟ್ಟು. ದೊಡ್ಡಮ್ಮನಿಗೆ ನೋಡಿ ಸಹಿಸಲಾಗಲಿಲ್ಲ. ಸರಳು ಬಿಟ್ಟು ನಾರು ಕಿತ್ತುಕೊಂಡರು.

ಹೀಗೆ ಎರಡು ಮೂರು ದಿನ ಹೂ ಕಟ್ಟಿದ ಮೇಲೆ ಸಿಸಿಲಿಯಾ ಬಾಯಿ ಮೆಲ್ಲಗೆ ಕೇಳಿದರು. ಮಾತು ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತಂದಾಗ ಅರ್ಧ ರುಚಿ ಹೋಗುತ್ತದೆ, ಸುಧಾರಿಸಿಕೊಳ್ಳಿ.

"ಗಿರಿಜಕ್ಕ, ಕರೆಂಟು ಅಂದ್ರೆ ನಿಮಗೆ ಎಂತ ನೆನಪಾಗ್ತದೆ?"

ದೊಡ್ಡಮ್ಮನ ಬೆರಳು ನಿಂತಿತು. "ಹಲ್ಲಿನ ಮಧ್ಯೆ ಬಟ್ಟೆ ತುರುಕ್ತಾರೆ. ಕೈಕಾಲು ಒತ್ತಿ ಹಿಡೀತಾರೆ. ಎದ್ದ ಮೇಲೆ ನನಗೆ ಅಮ್ಮನ ಹೆಸರೇ ನೆನಪಿರಲಿಲ್ಲ."

ಹರೆಯದಲ್ಲಿ ಅವರನ್ನು ಎಲ್ಲೋ ದೂರದ ಊರಿಗೆ ಒಯ್ದು ತಲೆಗೆ ಶಾಕ್ ಕೊಡಿಸಿದ್ದರಂತೆ. ಮನೆಯಲ್ಲಿ ಅದಕ್ಕೂ 'ಕರೆಂಟು ಕೊಟ್ಟದ್ದು' ಎಂದೇ ಹೆಸರು. ಹರಿ ಎಂದರೆ ವಿಷ್ಣು, ಸಿಂಹ, ಕಪ್ಪೆ ಎಂದು ಮಕ್ಕಳಿಗೆ ನಾನಾರ್ಥ ಬಾಯಿಪಾಠ ಮಾಡಿಸುವ ಟೀಚರು ನಾನು. ನಮ್ಮ ಮನೆಯದೇ ಪದಕ್ಕೆ ಎರಡು ಅರ್ಥ ಇದ್ದದ್ದು ಹೊಳೆಯಬೇಡವೇ? ಅಷ್ಟು ಚೆನ್ನಾಗಿ ನೆನಪಿರುವವರು ಹೆದರದೆ ಇನ್ನೇನು ಮಾಡಬೇಕು.

ಅಂದಿನಿಂದ ಸಿಸಿಲಿಯಾ ಬಾಯಿ ವಾರ್ಡಿನಲ್ಲಿ ಆ ಪದವನ್ನೇ ಬಂದ್ ಮಾಡಿಸಿದರು. ಇನ್ನು ಮೇಲೆ ಎಲ್ಲರೂ 'ಬೆಳಕು' ಎನ್ನಬೇಕು. ಪಾಪ, ಮಾವ ನರ್ಸಿನ ಹತ್ತಿರ "ಕರೆ..." ಎಂದು ಶುರು ಮಾಡಿ, ದೊಡ್ಡಮ್ಮನ ಮುಖ ನೋಡಿ, "ಕರೆದುಕೊಂಡು ಬರ್ತೇನೆ" ಎಂದು ಮುಗಿಸಿದ್ದೂ ಉಂಟು. ಸಿಸಿಲಿಯಾ ಬಾಯಿ ಮನೋವೈದ್ಯರನ್ನೂ ಕ್ಯಾನ್ಸರ್ ಡಾಕ್ಟರನ್ನೂ ಒಂದೇ ಮಂಚದ ಪಕ್ಕ ನಿಲ್ಲಿಸಿ, ಎರಡೂ ಕಡೆಯ ಮದ್ದು ತಪ್ಪದ ಹಾಗೆ ನೋಡಿಕೊಂಡರು. ಯಂತ್ರದ ಕೋಣೆಗೆ ಮೊದಲೇ ಕರೆದೊಯ್ದು, ಅದನ್ನು ಮುಟ್ಟಿಸಿ, ತಲೆಯ ಹತ್ತಿರಕ್ಕೆ ಅದು ಬರುವುದೇ ಇಲ್ಲ ಎಂದು ತೋರಿಸಿದರು. ದೊಡ್ಡಮ್ಮ ಒಪ್ಪಿದರು.

ಆದರೆ ಬೆಳಕು ಹಿಡಿಯುವಾಗ ಒಳಗೆ ಒಬ್ಬರೇ ಮಲಗಬೇಕು. ನಾವು ಬಾಗಿಲ ಹೊರಗೆ. ಯಂತ್ರ ನಡೆಸುವವರು ಮೈಕಿನಲ್ಲಿ "ಅಲುಗಾಡಬೇಡಿ" ಎಂದರು. ಇಡೀ ಜೀವಮಾನ ಮುಖವಿಲ್ಲದ ಮಾತು ಕೇಳಿದವರಿಗೆ ಈಗ ಗೋಡೆಯೂ ಮಾತಾಡಿತಲ್ಲ, ಎದ್ದು ಓಡಿ ಬಂದರೆ ಎಲ್ಲ ಮುಗಿಯಿತು ಎಂದುಕೊಂಡೆ.

ಬಾಗಿಲು ತೆರೆಯಿತು. ದೊಡ್ಡಮ್ಮ ಸೆರಗು ಸರಿಮಾಡುತ್ತ ನಿಧಾನಕ್ಕೆ ಹೊರಗೆ ಬಂದರು.

"ಒಳಗೆ ಒಬ್ಬ ಮಾತಾಡಿದ. ಅಲುಗಾಡಬೇಡಿ ಅಂದ. ನಿಮಗೆ ಕೇಳಿತಾ?"

"ಕೇಳಿತು ಗಿರಿಜಕ್ಕ. ನಮಗೆಲ್ಲ ಕೇಳಿತು," ಎಂದರು ಸಿಸಿಲಿಯಾ ಬಾಯಿ.

ದೊಡ್ಡಮ್ಮ ನಂಬದೆ ನನ್ನನ್ನು ನೋಡಿದರು. ನಾನೂ ತಲೆಯಾಡಿಸಿದೆ. ಅವರ ಮುಖ ಅರಳಿದ್ದನ್ನು ಹೇಗೆ ಬರೆಯಲಿ? "ಹಾಗಾದ್ರೆ ನಾಳೆಯೂ ಬರುವ" ಎಂದರು.

ಆಮೇಲೆ ಅವರು ಬಹಳ ವರ್ಷ ಬದುಕಿದರು, ಗದರುತ್ತಲೇ. ಮುಪ್ಪಿನಲ್ಲಿ ಮಲಗಿದ ಕಡೆಯೇ ಶಾಂತವಾಗಿ ಹೋದರು. ಆ ವರ್ಷಗಳನ್ನೆಲ್ಲ ಸಿಸಿಲಿಯಾ ಬಾಯಿ ನಮಗೆ ಕೊಟ್ಟದ್ದೆಂದೇ ನಾನು ತಿಳಿದಿದ್ದೇನೆ. ಈಗಲೂ ಯಾರಾದರೂ, ನನಗೆ ಕೇಳದ ಮಾತೊಂದು ತಮಗೆ ಕೇಳಿತು ಎಂದರೆ, ಇಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ. ಹತ್ತಿರ ಕೂತು, ಅದು ಎಂತ ಹೇಳಿತು ಎಂದು ಕೇಳುತ್ತೇನೆ.