ಎದೆಗೂ ಮುಷ್ಟಿಗೂ ನಡುವೆ ಬೆರಳಷ್ಟು ಜಾಗ

ಬೆಳಕು ಇನ್ನೂ ಹರಿದಿಲ್ಲ. ಸಿಂಗಪುರದ ಟೋವಾ ಪಾಯೋದ ಹಳೆಯ ವಸತಿ ಬ್ಲಾಕೊಂದರ ಕೆಳಗೆ, ಕಂಬಗಳಷ್ಟೇ ಇರುವ ವಾಯ್ಡ್ ಡೆಕ್‌ನಲ್ಲಿ, ಬಸಲಿಂಗಪ್ಪ ಲಿಫ್ಟಿನ ಬಾಗಿಲು ತೆರೆದಿಟ್ಟುಕೊಂಡು ಹೊಸ್ತಿಲನ್ನು ಬೂಟಿನ ತುದಿಯಿಂದ ಸವರಿ ನೋಡುತ್ತಿದ್ದಾರೆ. ನೆಲಕ್ಕೂ ಲಿಫ್ಟಿಗೂ ಕೂದಲೆಳೆಯಷ್ಟು ಏರುತಗ್ಗು ಇದ್ದರೂ ಅವರಿಗೆ ಸಮಾಧಾನವಿಲ್ಲ. ಹೊರಗೆ ತರಕಾರಿ ಗಾಡಿ ಹಿಡಿದ ಚೀನೀ ಅಜ್ಜಿಯೊಬ್ಬರು ಕಾಯುತ್ತಿದ್ದಾರೆ. "ಓಕೆ ಆಲ್ರೆಡಿ ಆ?" ಎಂದು ಕೇಳುತ್ತಾರೆ. ಓಕೆ ಎನ್ನಲು ಬಸಲಿಂಗಪ್ಪನವರಿಗೆ ಬಾಯಿ ಬರುವುದಿಲ್ಲ. "ವೇಟ್ ಆಂಟಿ, ಐ ಗೋ ಫಸ್ಟ್" ಎಂದು ಒಬ್ಬರೇ ಒಳಗೆ ಹೋಗಿ, ತುತ್ತತುದಿಯವರೆಗೆ ಏರಿ, ಒಂದೊಂದು ಮಹಡಿಯಲ್ಲೂ ನಿಲ್ಲಿಸುತ್ತಾ ಇಳಿದು ಬರುತ್ತಾರೆ. ಆಮೇಲೆ ಅಡ್ಡವಿಟ್ಟಿದ್ದ ಹಳದಿ ತಡೆಯನ್ನು ಸರಿಸುತ್ತಾರೆ. ಅಜ್ಜಿ ಅವರ ಮುಖವನ್ನೂ ನೋಡದೆ ಗಾಡಿ ಎಳೆದುಕೊಂಡು ಒಳಗೆ ಹೋಗುತ್ತಾರೆ.

"ನೋಡಲಿಲ್ಲಂದ್ರ ಚಲೋರಿ," ಎನ್ನುತ್ತಾರೆ ಬಸಲಿಂಗಪ್ಪ. "ಲಿಫ್ಟ್ ಮಾಡೋನ ಮುಖ ಮಂದಿಗೆ ನೆನಪಾತಂದ್ರ ಲಿಫ್ಟ್ ಎಲ್ಲೋ ನಡುವ ನಿಂತೇತಿ ಅಂತ ಅರ್ಥ."

ಬಾಗಲಕೋಟೆ ಕಡೆಯ ಗುಳೇದಗುಡ್ಡದಿಂದ ಬಂದು ಹತ್ತೊಂಬತ್ತು ವರ್ಷಗಳಿಂದ ಸಿಂಗಪುರದ ಲಿಫ್ಟುಗಳನ್ನು ರಿಪೇರಿ ಮಾಡುತ್ತಿರುವ ಈ ಮನುಷ್ಯ ಯಾವುದನ್ನೂ ಸುಲಭಕ್ಕೆ ನಂಬುವವರಲ್ಲ. ದಿನಕ್ಕೆ ಎಂಟು ಹತ್ತು ಲಿಫ್ಟು ನೋಡುತ್ತಾರೆ, ಎಲ್ಲವೂ ತಮಗೆ ಮೋಸ ಮಾಡಲು ಹೊಂಚು ಹಾಕಿವೆ ಎಂಬಂತೆಯೇ ನೋಡುತ್ತಾರೆ. ಕಿವಿಯಿಟ್ಟು ಕೇಳುತ್ತಾರೆ, ಮೂಸುತ್ತಾರೆ, ಹಗ್ಗದ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ನೋಡುತ್ತಾರೆ. ಪತ್ರಿಕೆಗೆ ಬರೆಯುತ್ತೇವೆ ಎಂದು ಫೋನ್ ಹೋದಾಗಲೂ ಅವರ ಮೊದಲ ಪ್ರಶ್ನೆ, "ಪೇಪರ್‌ನವರು ಅಂತ ಹೆಂಗ ನಂಬೂದ್ರಿ?" ಎಂಬುದಾಗಿತ್ತು. ಎರಡನೆಯದು, ಬರೆದರೆ ಯಾರಿಗೇನು ಲಾಭ ಎಂಬುದು. ಫೋಟೋಗೆ ಇವತ್ತಿಗೂ ಒಪ್ಪಿಲ್ಲ.

ಇಂಥವರ ಮೊಬೈಲಿಗೆ ಹೋದ ವರ್ಷ ಒಂದು ಸಂದೇಶ ಬಂತು. ಪೌರತ್ವದ ಅರ್ಜಿಗೆ ಒಪ್ಪಿಗೆ ಸಿಕ್ಕಿದೆ, ಮುಂದಿನ ಹಂತಗಳಿಗೆ ಲಾಗಿನ್ ಆಗಿ ಎಂದು. ತಾವು ರಿಪೇರಿ ಮಾಡುವ ಪ್ರತಿ ಲಿಫ್ಟಿನ ಪಕ್ಕದಲ್ಲೂ ಮೋಸದ ಕರೆಗಳ ಬಗ್ಗೆ ಎಚ್ಚರಿಕೆಯ ಪೋಸ್ಟರ್ ಓದಿ ಓದಿ ಅವರಿಗೆ ಬಾಯಿಪಾಠವಾಗಿದೆ. ಸಂದೇಶವನ್ನು ಮುಟ್ಟಲೇ ಇಲ್ಲ. ಅರ್ಧ ದಿನ ರಜೆ ಹಾಕಿ ಖುದ್ದು ಕಚೇರಿಗೆ ಹೋಗಿ, ಕಿಟಕಿಯ ಆಚೆಯವಳಿಂದ ಹೌದು ಎನ್ನಿಸಿಕೊಂಡು ಬಂದ ಮೇಲೆಯೇ ಹೆಂಡತಿ ಶ್ರೀದೇವಿಯವರಿಗೆ ಸಿಹಿ ಮಾಡಲು ಅಪ್ಪಣೆ ಸಿಕ್ಕಿದ್ದು. ಮಕ್ಕಳ ಡೇ ಕೇರ್‌ನಲ್ಲಿ ಕೆಲಸ ಮಾಡುವ ಶ್ರೀದೇವಿ ನಗುತ್ತಲೇ ಹೇಳುತ್ತಾರೆ, "ಮದವಿ ಟೈಮ್‌ನ್ಯಾಗೂ ಹಂಗ. ನಮ್ಮೂರಿಗೆ ಮೂರ ಸಲ ಬಂದು ನನ್ನ ನೋಡ್ಯಾರ. ಎರಡನೇ ಸಲ ಬ್ಯಾರೆ ಹುಡುಗೀನ ತೋರಿಸ್ಯಾರೇನೋ ಅಂತ ಡೌಟು."

ಆನ್‌ಲೈನ್ ಪಾಠ ಓದಿದ್ದಾಯಿತು, ಊರು ತೋರಿಸುವ ಬಸ್ಸಿನಲ್ಲಿ ಸುತ್ತಿದ್ದಾಯಿತು, ಬಡಾವಣೆಯ ಹಳಬರ ಜೊತೆ ಕುಳಿತು ಮಾತಾಡಿದ್ದಾಯಿತು. ಇವೆಲ್ಲ ಸಲೀಸಾಗಿ ಮುಗಿದವು. ತೊಡಕು ಶುರುವಾದದ್ದು ಮನೆಯ ಹಜಾರದಲ್ಲಿ. ಒಂಬತ್ತನೇ ಇಯತ್ತೆಯ ಮಗಳು ಸಿಂಚನಾ ಅಪ್ಪ ಅಮ್ಮನನ್ನು ಎದುರಿಗೆ ನಿಲ್ಲಿಸಿಕೊಂಡು ಪೌರತ್ವ ಸ್ವೀಕರಿಸುವ ಸಮಾರಂಭದ ತಾಲೀಮು ಮಾಡಿಸುತ್ತಿದ್ದಳು. ಪ್ರತಿಜ್ಞೆ ಹೇಳುವಾಗ ಬಲಗೈ ಮುಷ್ಟಿ ಕಟ್ಟಿ ಎದೆಯ ಮೇಲೆ ಇಟ್ಟುಕೊಳ್ಳಬೇಕು, ಇಲ್ಲಿನ ಶಾಲೆಗಳಲ್ಲಿ ಮಕ್ಕಳು ಮಾಡುವ ಹಾಗೆ. ಬಸಲಿಂಗಪ್ಪ ಮುಷ್ಟಿಯನ್ನು ಎದೆಯ ಹತ್ತಿರ ತಂದು, ಬಿಸಿ ತಾಗಿದವರಂತೆ ಹಿಂದಕ್ಕೆ ತೆಗೆದರು.

ಅಂಗಿಯ ಒಳಗೆ, ಸರಿಯಾಗಿ ಅದೇ ಜಾಗದಲ್ಲಿ, ಶಿವದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆಯಿದೆ. ಅದರೊಳಗೆ ಅವರ ಇಷ್ಟಲಿಂಗ. ಹುಟ್ಟಿದಾಗ ಕಟ್ಟಿದ್ದು, ಈವರೆಗೆ ಮೈ ಬಿಟ್ಟು ಹೋಗಿಲ್ಲ. ಲಿಂಗದ ಮೇಲೆ ಕೈಯಿಟ್ಟು ಆಡಿದ ಮಾತು ಅವರ ಕಡೆ ಬರಿಯ ಮಾತಲ್ಲ. ಅದು ಲಿಂಗ ಮುಟ್ಟಿ ಮಾಡಿದ ಆಣೆ, ಅದಕ್ಕಿಂತ ಮೇಲೆ ಇನ್ನೊಂದಿಲ್ಲ. ಬಸಲಿಂಗಪ್ಪ ಬೆಳೆದ ಮನೆಯಲ್ಲಂತೂ ಆಣೆ ಎಂಬ ಶಬ್ದವನ್ನೇ ಯಾರೂ ಆಡುತ್ತಿರಲಿಲ್ಲ.

ಅದಕ್ಕೊಂದು ಕಾರಣವಿದೆ. ಅವರ ಅಪ್ಪ ಖಣ ನೇಯುತ್ತಿದ್ದರು. ಒಮ್ಮೆ ಸಾಹುಕಾರರ ರೇಷ್ಮೆ ನೂಲು ಕಳುವಾಗಿ, ಮಗ್ಗದವರೆಲ್ಲ ಲಿಂಗ ಮುಟ್ಟಿ ತಾವಲ್ಲ ಎಂದು ಹೇಳಬೇಕೆಂದು ತೀರ್ಮಾನವಾಯಿತು. ಉಳಿದವರು ಒಬ್ಬರ ಹಿಂದೆ ಒಬ್ಬರು ಮುಟ್ಟಿ ಹೇಳಿ ಮನೆಗೆ ಹೋದರು. ಅಪ್ಪ ಮಾತ್ರ, ನನ್ನ ಮಾತು ಸಾಲದಿದ್ದರೆ ಬೇಡ, ನೂಲಿನ ಕಂತೆಗೋಸ್ಕರ ಲಿಂಗ ಮುಟ್ಟುವುದಿಲ್ಲ ಎಂದು ಕೂತುಬಿಟ್ಟರು. ಮಗ್ಗ ಕೈತಪ್ಪಿತು, ಓಣಿಯ ಕಣ್ಣಲ್ಲಿ ಕಳ್ಳರೂ ಆದರು. ಆ ರೇಷ್ಮೆ ಕದ್ದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. "ಮುಟ್ಟಿ ಹೇಳಿದವರೊಳಗ ಒಬ್ಬಾಂವ ಕದ್ದಾನಲ್ರಿ," ಎನ್ನುತ್ತಾರೆ ಬಸಲಿಂಗಪ್ಪ. "ಆವತ್ತಿಂದ ನನಗ ಆಣಿ ಮಾಡೋ ಮಂದಿ ಮ್ಯಾಲೇ ಗುಮಾನಿ."

ಆದ್ದರಿಂದ ತಾಲೀಮಿನಲ್ಲಿ ಅವರು ಒಂದು ಉಪಾಯ ಹೂಡಿದರು. ಮುಷ್ಟಿಯನ್ನು ಎದೆಗೆ ತಾಗಿಸದೆ ಬೆರಳಷ್ಟು ಜಾಗ ಬಿಟ್ಟು ಹಿಡಿಯುವುದು. ದೂರದಿಂದ ನೋಡಿದವರಿಗೆ ತಿಳಿಯುವುದಿಲ್ಲ. ಹತ್ತಿರದಿಂದ ನೋಡಿದ ಶ್ರೀದೇವಿಗೆ ತಿಳಿಯಿತು.

"ಕೈ ಯಾಕ ಮುಟ್ಟವಲ್ದು?" ಎಂದು ಆಕೆ ಕೇಳಿದರು.

"ಮುಟ್ಟೇತಿ."

"ಮುಟ್ಟಿಲ್ಲ. ಸಮಾರಂಭದಾಗೂ ಹಿಂಗ ಮಾಡಿ, ಬಾಯಷ್ಟ ಅಲ್ಲಾಡಿಸಿ ಬರ್ತೀರಿ. ನನಗ ಗೊತ್ತಿಲ್ಲೇನು?"

"ಅಪ್ಪಾ, ಜಸ್ಟ್ ಟಚ್ ಲಾ," ಎಂದಳು ಸಿಂಚನಾ.

ಜಗತ್ತನ್ನೆಲ್ಲ ಸಂಶಯದಿಂದ ನೋಡುವವರು ಸ್ವಂತ ಹಜಾರದಲ್ಲೇ ಆರೋಪಿಯಾಗಿ ನಿಂತದ್ದು ಹೀಗೆ. ಅಲ್ಲಿಂದಾಚೆ ಶ್ರೀದೇವಿಯ ಕಣ್ಣು ಗಂಡನ ಮುಷ್ಟಿಯಿಂದ ಕದಲಲಿಲ್ಲ. ಅವರು ಶಿವದಾರ ಗಿಡ್ಡ ಮಾಡಿ ಕರಡಿಗೆಯನ್ನು ಮೇಲಕ್ಕೆ ಸರಿಸಿಕೊಂಡಾರೆಂದು ಅದರ ಗಂಟನ್ನೂ ನೋಡುತ್ತಿದ್ದರಂತೆ.

ಬಿಶಾನ್ ಬಡಾವಣೆಯಲ್ಲಿರುವ ಪರಿಚಯದ ಗೋಪಿನಾಥ್ ಬೆಂಗಳೂರಿನವರು, ಸಾಫ್ಟ್‌ವೇರ್ ಕೆಲಸ, ಈ ದಾರಿಯನ್ನು ಮೊದಲೇ ತುಳಿದವರು. ಅವರ ಬಳಿ ಬಸಲಿಂಗಪ್ಪ ಬಾಯಿ ಬಿಟ್ಟರು. ಗೋಪಿನಾಥ್ ಬೆನ್ನು ತಟ್ಟಿ, "ಅಯ್ಯೋ, ಇಷ್ಟಕ್ಕೆಲ್ಲಾ ಟೆನ್ಷನ್ ಮಾಡ್ಕೋತೀರಲ್ಲ ಬಸು. ಜಸ್ಟ್ ಫಾರ್ಮಾಲಿಟಿ. ಆಮೇಲೆ ಪಾಸ್‌ಪೋರ್ಟ್ ಅಪ್ಲೈ ಮಾಡಿ, ಓಸಿಐ ಬುಕ್ ಮಾಡಿ, ಮುಗೀತು," ಎಂದರು.

ಸಮಾಧಾನಕ್ಕೆ ಹೇಳಿದ ಆ ಮಾತೇ ಬಸಲಿಂಗಪ್ಪನವರ ನಿದ್ದೆ ಕೆಡಿಸಿತು. ಫಾರ್ಮಾಲಿಟಿ ಎಂಬ ಪದ ಅವರಿಗೆ ಚೆನ್ನಾಗಿ ಗೊತ್ತು. ಹಿಂದೆ ಜೊತೆಗಿದ್ದ ಮೆಕ್ಯಾನಿಕ್ ಒಬ್ಬ ತಾನು ಹತ್ತಿ ನೋಡದೆಯೇ ಲಿಫ್ಟು ಸರಿಯಿದೆ ಎಂದು ಸಹಿ ಹಾಕುವಾಗ ಬಳಸುತ್ತಿದ್ದ ಪದ ಅದು. ಆ ಲಿಫ್ಟು ನೆಲಕ್ಕಿಂತ ಸ್ವಲ್ಪ ಮೇಲೆ ನಿಂತು, ಮುದುಕರೊಬ್ಬರು ಎಡವಿ ಸೊಂಟ ಮುರಿದುಕೊಂಡರು. ಅಂದಿನಿಂದ ತಾವು ಹತ್ತದ ಲಿಫ್ಟಿಗೆ ಬಸಲಿಂಗಪ್ಪ ಇನ್ನೊಬ್ಬರನ್ನು ಹತ್ತಿಸಿಲ್ಲ. ಈಗ ಬೆರಳಷ್ಟು ಜಾಗ ಬಿಟ್ಟು ಪ್ರತಿಜ್ಞೆ ಹೇಳಿ ಬಂದರೆ ತಾನೂ ಆ ಮೆಕ್ಯಾನಿಕ್ಕೇ ಅಲ್ಲವೇ? ಅವರ ಗುಮಾನಿ ಮೊದಲ ಸಲ ಅವರ ಮೇಲೆಯೇ ತಿರುಗಿತ್ತು, ಅದು ಅವರಿಗೆ ಬಹಳ ನೋವು ಕೊಟ್ಟಿತು.

ಊರಲ್ಲಿ ಅಣ್ಣನ ಮನೆಯಲ್ಲಿರುವ ತಾಯಿ ಗುರುಸಿದ್ದವ್ವನಿಗೆ ಫೋನ್ ಮಾಡಿದರು. ಬೇಡ ಅಂದುಬಿಡಲಿ ಎಂಬ ಆಸೆ ಒಳಗೊಳಗೆ ಇತ್ತು. ಆಕೆ ಮೊದಲು, "ಸೊಸಿ ಹೇಳಿಕೊಟ್ಟಾಳೇನು?" ಎಂದು ವಿಚಾರಿಸಿದರು. ಸಂಶಯ ಈ ಮನೆತನಕ್ಕೆ ಯಾವ ಕಡೆಯಿಂದ ಬಂತೆಂದು ಅದರಲ್ಲೇ ತಿಳಿಯುತ್ತದೆ. ಆಮೇಲೆ ಹೇಳಿದರು: "ನಿಮ್ಮಪ್ಪ ಮುಟ್ಟಲಿಲ್ಲ. ಅದು ಯಾರದೋ ರೇಷ್ಮಿ ಸಲುವಾಗಿ. ನೀ ಯಾತರ ಸಲುವಾಗಿ ಮುಟ್ಟತಿ, ಅದನ್ನ ನೀನ ನೋಡ್ಕೋ. ನನ್ನ ಮ್ಯಾಲೆ ಹಾಕಬ್ಯಾಡ."

ಸಮಾರಂಭದ ದಿನ ಶ್ರೀದೇವಿ ಕೆಂಪು ಇಳಕಲ್ ಸೀರೆ ಉಟ್ಟರು. ಬಸಲಿಂಗಪ್ಪ ಎಂದಿನಂತೆ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟರು. ಸಭಾಂಗಣದ ಲಿಫ್ಟಿನಲ್ಲಿ ಮೇಲೆ ಹೋಗುವಾಗ ಅದರ ಸದ್ದು ಯಾಕೋ ಸರಿಯಿಲ್ಲ ಎಂದು ಅಲ್ಲೇ ಕಿವಿ ನಿಮಿರಿಸಿದವರನ್ನು ಮಗಳು ಕೈ ಹಿಡಿದು ಎಳೆದುಕೊಂಡು ಹೋದಳು. ಗಂಡನ ಮುಷ್ಟಿ ಕಾಣುವ ಹಾಗೆ ಶ್ರೀದೇವಿ ಪಕ್ಕದಲ್ಲೇ ನಿಂತರು. ಆದರೆ ನೂರಾರು ಜನ ಒಟ್ಟಿಗೆ ಎದ್ದು ನಿಂತು ಒಂದೇ ದನಿಯಲ್ಲಿ ಹೇಳತೊಡಗಿದಾಗ ಆಕೆಯ ಕಣ್ಣು ತುಂಬಿಬಂತು. ಒರೆಸಿಕೊಂಡು ನೋಡುವಷ್ಟರಲ್ಲಿ ಎಲ್ಲರೂ ಕೈ ಇಳಿಸಿದ್ದರು.

ಆಮೇಲಿನ ಕೆಲಸಗಳು ಈಗ ಒಂದೊಂದಾಗಿ ಸಾಗಿವೆ. ಇಲ್ಲಿನ ಪ್ರಜೆಗಳಿಗೆ ಕೊಡುವ ಗುಲಾಬಿ ಬಣ್ಣದ ಗುರುತಿನ ಚೀಟಿ ಸಿಕ್ಕಿದೆ, ಬಸಲಿಂಗಪ್ಪ ಅದರ ಅಂಚನ್ನು ಉಗುರಿನಿಂದ ಕೆರೆದು ನೋಡಿದ್ದಾರೆ. ಭಾರತದ ಪಾಸ್‌ಪೋರ್ಟನ್ನು ಹೈಕಮಿಷನ್ನಿಗೆ ಒಪ್ಪಿಸಿದ್ದಾರೆ. ಹೊಸದು ಇನ್ನೂ ಕೈಗೆ ಬಂದಿಲ್ಲ, ವೀಸಾ ಇಲ್ಲದೆ ಊರಿಗೆ ಹೋಗಿಬರಲು ಬೇಕಾದ ಓಸಿಐ ಕಾರ್ಡು ಅದರ ನಂತರದ ಮಾತು. "ಒಂದ ಕೊಟ್ಟೇನಿ, ಇನ್ನೊಂದ ಬಂದಿಲ್ಲ. ಈಗ ಅವ್ವಗ ಏನರ ಹೆಚ್ಚುಕಮ್ಮಿ ಆದ್ರ ನಾ ಹೆಂಗ ಹೋಗಲಿ?" ಎಂದು ಕೇಳುವಾಗ ಅವರ ದನಿಯಲ್ಲಿ ತಮಾಷೆಯಿಲ್ಲ. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದವರನ್ನು ಎಷ್ಟೋ ಸಲ ಹೊರಗೆ ತೆಗೆದವರು ಅವರು, ಒಳಗಿರುವವರಿಗೆ ಹೇಗಾಗುತ್ತದೆಂದು ಈಗ ಗೊತ್ತಾಗಿದೆ ಎನ್ನುತ್ತಾರೆ. ಅವರಿಗಿರುವ ಬಯಕೆ ಒಂದೇ. ಹೊಸ ಪಾಸ್‌ಪೋರ್ಟ್ ಬಂದೊಡನೆ ಗುಳೇದಗುಡ್ಡಕ್ಕೆ ಹೋಗಿ ತಾಯಿಯ ಎದುರು ಕೂತು, ಯಾತರ ಸಲುವಾಗಿ ಎಂಬುದಕ್ಕೆ ಉತ್ತರ ಹೇಳಬೇಕು. ಆ ಉತ್ತರ ಏನೆಂದು ಪತ್ರಿಕೆಯವರಿಗೆ ಹೇಳಲು ಒಪ್ಪುವುದಿಲ್ಲ.

ಸಂಜೆ ಮನೆಯಲ್ಲಿ ಶ್ರೀದೇವಿ ಚಹಾ ತಂದಿಟ್ಟು, ಗಂಡನ ಮುಂದೆಯೇ ಕೂರುತ್ತಾರೆ. ಆಕೆಯ ಸಂಶಯ ಇನ್ನೂ ಹೋಗಿಲ್ಲ.

"ಈ ಪೇಪರ್‌ನವರ ಮುಂದರ ಖರೆ ಹೇಳ್ರಿ. ಆವತ್ತ ಕೈ ಮುಟ್ಟಿತ್ತೇನು?"

ಬಸಲಿಂಗಪ್ಪ ಚಹಾ ಆರಿಸುತ್ತಾರೆ.

"ಮುಟ್ಟಿತ್ತು."

"ಹಂಗಾದ್ರ ಆಣಿ ಮಾಡಿ ಹೇಳ್ರಿ ನೋಡೂನು."

ಅವರ ಕೈ ತಾನಾಗಿಯೇ ಅಂಗಿಯ ಮೇಲೆ, ಕರಡಿಗೆ ಇರುವಲ್ಲಿಗೆ ಹೋಗಿ, ಅಲ್ಲಿಂದ ಇಳಿದು ಕಪ್ಪನ್ನು ಹಿಡಿಯುತ್ತದೆ.

"ಇನ್ನ ಆಣಿ ಇಲ್ಲ," ಎನ್ನುತ್ತಾರೆ. "ಇದ್ದದ್ದೊಂದನ್ನ ಆವತ್ತ ಮಾಡೇನಿ."