ತಾಯಿಯನ್ನು ಅರೆದು ನೋಡುವ ನೌಕರಿ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಅಂಗೈಯಗಲದ ಒಂದು ಪಿಂಗಾಣಿ ಒರಳಿದೆ. ಅಂಚು ಮುಕ್ಕಾಗಿದೆ. ಬಂದವರು ಅದನ್ನು ಏಲಕ್ಕಿ ಕುಟ್ಟುವುದೆಂದು ತಿಳಿದು ಎತ್ತಿಕೊಂಡರೆ ನಾನು ಬೇಡ ಬೇಡ ಎಂದು ಕಿತ್ತುಕೊಳ್ಳುತ್ತೇನೆ; ಕಾರಣ ಮಾತ್ರ ಹೇಳುವುದಿಲ್ಲ, ಹೇಳಿದರೆ ಆಮೇಲೆ ಅವರು ನಮ್ಮ ಮನೆಯ ಕಾಫಿ ಮುಟ್ಟುವುದಿಲ್ಲ. ನಿಮಗೆ ಹೇಳಬಹುದು, ಕಾಫಿ ಕೊಡುವಷ್ಟು ಹತ್ತಿರದಲ್ಲಿ ನೀವಿಲ್ಲ. ಆ ಒರಳಿನಲ್ಲಿ ನಾನು ಹನ್ನೊಂದು ವರ್ಷ ತಾಯಂದಿರನ್ನು ಅರೆದಿದ್ದೇನೆ.

ಗಾಬರಿಯಾಗಬೇಡಿ. ರೈತರಿಗೆ ರೇಷ್ಮೆ ಮೊಟ್ಟೆ ಒದಗಿಸುವ ಕೋಲಾರದ ಬಿತ್ತನೆ ಕೋಠಿಯೊಂದರಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವುದು ನನ್ನ ನೌಕರಿ. ರೇಷ್ಮೆ ಚಿಟ್ಟೆ ಹಾಳೆಯ ಮೇಲೆ ಮೊಟ್ಟೆಯಿಟ್ಟು ತನ್ನ ಜನ್ಮದ ಕೆಲಸ ಮುಗಿಸಿದ ಮೇಲೆ ಅದನ್ನು ಒರಳಿಗೆ ಹಾಕಿ, ನಾಲ್ಕು ಹನಿ ದ್ರಾವಣ ಬಿಟ್ಟು ಅರೆದು, ಒಂದು ತೊಟ್ಟನ್ನು ಗಾಜಿನ ಮೇಲಿಟ್ಟು ನೋಡುತ್ತೇವೆ. ರೇಷ್ಮೆಹುಳುವನ್ನು ಕೊಲ್ಲುವ ಗಂಟು ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುವಂಥದ್ದು. ತಾಯಿಯ ಒಡಲಲ್ಲಿ ಅದರ ಹೊಳೆಯುವ ಕಣವೊಂದು ಕಂಡರೂ ಸಾಕು, ಅವಳ ಮೊಟ್ಟೆಗಳೆಲ್ಲ ಬೆಂಕಿಗೆ. ಮೊಟ್ಟೆಯನ್ನು ಮುಟ್ಟದೆ, ತಾಯಿಯನ್ನು ನೋಡಿ ಮಕ್ಕಳ ಹಣೆಬರಹ ಹೇಳುವ ಈ ವಿದ್ಯೆಯಲ್ಲಿ ನಾನು ಗಟ್ಟಿಗಿತ್ತಿ ಎಂದು ಹೆಸರಾಗಿದ್ದೆ. ಆ ಹೆಸರನ್ನು ಮೊದಲು ಹಬ್ಬಿಸಿದವಳೂ ನಾನೇ.

ಅನುಮಾನ ಬಂದರೆ ಸುಡು ಎಂಬುದು ನನ್ನ ಮಂತ್ರ. ಹುತ್ತೂರಿನ ರೈತ ವೆಂಕಟರವಣಪ್ಪ ಒಮ್ಮೆ ಹುಳುಮನೆ ತೊಳೆದು, ಎಳೆಸೊಪ್ಪು ಸಿದ್ಧಮಾಡಿಕೊಂಡು ಮೊಟ್ಟೆಗೆ ಬಂದ. ಅವನ ಪಾಲಿನ ಹಾಳೆಗಳನ್ನು ನಾನು ಆಗಷ್ಟೇ ತಿರಸ್ಕರಿಸಿದ್ದೆ. "ಮೇಡಂ, ಅದು ರೋಗಾನೋ ಧೂಳೋ, ಇನ್ನೊಂದ್ಸಲ ನೋಡ್ಬಿಡಿ ಮೇಡಂ" ಎಂದು ಟವೆಲು ಹಿಂಡುತ್ತಾ ನಿಂತ. "ಇಲ್ಲಿ ಇನ್ನೊಂದ್ಸಲ ಅನ್ನೋದಿಲ್ಲ ಯಜಮಾನ್ರೇ" ಎಂದು ನಾನು ಕನ್ನಡಕ ಸರಿಮಾಡಿಕೊಂಡೆ. ಆ ಮಾತು ನನಗೇ ಎಷ್ಟು ಹಿಡಿಸಿತೆಂದರೆ ಮನೆಗೆ ಬಂದು ಗಂಡನ ಮುಂದೆ ಅಭಿನಯಿಸಿಯೂ ತೋರಿಸಿದೆ.

ಇಂಥ ನಾನು, ನೆಂಟರೆಲ್ಲ ಸಂತಾಪ ಸೂಚಿಸಿ ಮುಗಿಸಿದ ಮೇಲೆ, ಮೂವತ್ತೆಂಟರಲ್ಲಿ ಬಸಿರಾದೆ. ವಯಸ್ಸಿನ ಕಾರಣಕ್ಕೆ ಡಾಕ್ಟರಮ್ಮ ಒಂದು ಪರೀಕ್ಷೆ ಹೇಳಿದರು: "ನಿಮ್ಮ ರಕ್ತದಲ್ಲೇ ಮಗುವಿನ ಕಡೆಯ ವಂಶವಾಹಿಯ ಚೂರುಗಳು ಓಡಾಡ್ತಿರ್ತವೆ. ಅದನ್ನ ನೋಡಿ, ಡೌನ್ ಸಿಂಡ್ರೋಮ್ ಥರದ್ದು ಇರೋ ಸಾಧ್ಯತೆ ಎಷ್ಟು ಅಂತ ಹೇಳ್ತಾರೆ. ಮಗೂನ ಮುಟ್ಟೋದೇ ಇಲ್ಲ." ನನಗೆ ನಗು ತಡೆಯಲಾಗಲಿಲ್ಲ. ಮಗುವನ್ನು ಮುಟ್ಟದೆ ತಾಯಿಯನ್ನು ನೋಡುವುದೆಂದರೆ ನನ್ನ ಕಸುಬನ್ನು ನನಗೇ ಕಲಿಸಿದಂತಾಯಿತಲ್ಲ! ಪಕ್ಕದ ಸೂಕ್ಷ್ಮದರ್ಶಕದಲ್ಲಿ ಕೂರುವ ಮುಬೀನಾ ಮರುದಿನ ಕೇಳಿದಳು: "ನಿನ್ನೂ ಒರಳಿಗೆ ಹಾಕಿದ್ರೇನೇ?" ಬರೀ ಎರಡು ಟ್ಯೂಬು ರಕ್ತ ಎಂದೆ. "ಅರೇ, ನಸೀಬುವಾಲಿ ಕಣೇ ನೀನು. ನಮ್ ಕೈಗೆ ಸಿಕ್ಕಿದ ಅಮ್ಮಂದಿರಿಗೆ ಆ ಭಾಗ್ಯ ಇಲ್ಲ."

ಹತ್ತು ದಿನದ ಮೇಲೆ ವರದಿ ಬಂತು. ಅದರಲ್ಲಿ ಪಾಸೂ ಇಲ್ಲ, ಫೇಲೂ ಇಲ್ಲ. ಫಲಿತಾಂಶ ಸಿಗಲಿಲ್ಲ ಎಂದಿತ್ತು. ನನ್ನ ರಕ್ತದಲ್ಲಿ ಮಗುವಿನ ಪಾಲು ಸಾಲದಂತೆ. "ತಾಯಿ ತೂಕ ಸ್ವಲ್ಪ ಜಾಸ್ತಿ ಇದ್ರೆ ಒಮ್ಮೊಮ್ಮೆ ಹೀಗಾಗುತ್ತೆ" ಎಂದರು ಡಾಕ್ಟರಮ್ಮ, ಆ 'ಸ್ವಲ್ಪ'ವನ್ನು ಬಹಳ ಮೃದುವಾಗಿ ಉಚ್ಚರಿಸಿ. ನನ್ನ ತವರು ಶ್ರೀನಿವಾಸಪುರ; ಮಾವಿನ ಸುಗ್ಗಿಯಲ್ಲಿ ಬಸುರಿ ಮಗಳಿಗೆ ತವರಿನವರು ಬುಟ್ಟಿಗಟ್ಟಲೆ ಬಾದಾಮಿ ಹಣ್ಣು ಕಳಿಸಿದರೆ ನಾನಾದರೂ ಏನು ಮಾಡಲಿ? ಮಗು ಪಾಪ ಏನೋ ಹೇಳಲು ಬಾಯಿ ತೆರೆದಿದೆ, ನಾನು ನಡುವೆ ಅಡ್ಡಡ್ಡ ಕೂತಿದ್ದೇನೆ.

ಈಗ ನಗುತ್ತೇನೆ. ಆದರೆ ಡಾಕ್ಟರಮ್ಮನ ಎದುರಿನ ಆ ಕುರ್ಚಿಯಲ್ಲಿ ಕೂತಾಗ ನನ್ನ ತಲೆಗೆ ಮೊದಲು ಬಂದ ಮಾತು ಯಾವುದೆಂದು ನಿಮಗೆ ಹೇಳಲೇಬೇಕು: ಅನುಮಾನ ಬಂದರೆ ಸುಡು. ಕೈ ಹೊಟ್ಟೆಯ ಮೇಲೇ ಇತ್ತು. ನನಗೆ ನನ್ನ ಮೇಲೆ ಹೇಸಿಗೆಯಾಯಿತು, ಭಯವೂ ಆಯಿತು. ಆಮೇಲೆ ನನ್ನ ಬಾಯಿಂದ ಹೊರಟದ್ದು ವೆಂಕಟರವಣಪ್ಪನ ಧ್ವನಿ. "ಇನ್ನೊಂದ್ಸಲ ನೋಡ್ಬಿಡಿ ಡಾಕ್ಟ್ರೇ" ಎಂದೆ. ಹಿಂಡಲು ಟವೆಲಿರಲಿಲ್ಲ, ಸೆರಗಿತ್ತು.

ಮತ್ತೆ ರಕ್ತ ಕೊಟ್ಟು ಕಾಯುವ ದಿನಗಳಲ್ಲಿ, ಆ ಮೊದಲ ಮಾತನ್ನು ತೊಳೆದುಕೊಳ್ಳಲೆಂದೋ ಏನೋ, ನಾನು ವೀರವನಿತೆಯಾದೆ. ಮಾಲೂರಿನ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದ ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು, ಏನೇ ಬರಲಿ, ಮಗು ಹೇಗೇ ಇರಲಿ, ನಾನು ಹೆತ್ತು ಸಾಕುತ್ತೇನೆ ಎಂದು ಘೋಷಿಸಿದೆ. ಮುಳಬಾಗಿಲಿನ ಕಡೆಯ ಅವರು ಬೂಟು ಬಿಚ್ಚುತ್ತಾ, "ಹಂಗಾದ್ರೆ ಟೆಸ್ಟ್ ಯಾಕೆ?" ಎಂದರು. ಮೊದಲೇ ಗೊತ್ತಿದ್ದರೆ ಸಿದ್ಧವಾಗಬಹುದಲ್ಲ ಎಂದೆ. ಅದು ಒಳ್ಳೆಯ ಉತ್ತರವೇ. ಆದರೆ ಅದನ್ನೇ ನಾನು ಮೂರು ಸಲ ಹೇಳಿದೆ. "ಊರುಕೋವೇ, ಸುಮ್ನಿರು, ಏನೂ ಆಗಲ್ಲ. ಏನಾದ್ರೂ ಆದ್ರೂ ಇಬ್ರಿದ್ದೀವಿ. ಭಾಷಣ ಸಾಕು, ಊಟ ಮಾಡು ಬಾ" ಎಂದರು.

ಎರಡನೆಯ ವರದಿಯಲ್ಲಿ 'ಸಾಧ್ಯತೆ ಕಡಿಮೆ' ಎಂದಿತ್ತು. ಕೆಳಗೆ ಸಣ್ಣಕ್ಷರದಲ್ಲಿ, ಇದು ಅಂದಾಜು ಮಾತ್ರ, ಖಚಿತ ನಿರ್ಣಯವಲ್ಲ ಎಂಬ ಸಾಲು. ಅಲ್ಲಿಯವರೆಗಿನ ಸರ್ವೀಸಿನಲ್ಲಿ ಅಂಥ ವಿನಯದ ಸಾಲಿನ ಕೆಳಗೆ ನಾನು ಸಹಿ ಹಾಕಿದವಳಲ್ಲ. ಅಂದು ಆ ಕಾಗದವನ್ನು ಎದೆಗೊತ್ತಿಕೊಂಡು ಅತ್ತೆ. ಮಗಳು ಹುಟ್ಟಿದಳು, ಆರೋಗ್ಯವಾಗಿದ್ದಾಳೆ, ಹೆಸರು ಚರಿತಾ.

ಆದರೆ ಒಂದು ಮುಳ್ಳು ಹಾಗೇ ಉಳಿದುಕೊಂಡಿದೆ. ವರದಿ ಬೇರೆ ರೀತಿ ಬಂದಿದ್ದರೆ ನಾನು ಬಾಗಿಲಲ್ಲಿ ಘೋಷಿಸಿದವಳಾಗಿರುತ್ತಿದ್ದೆನೋ, ಕುರ್ಚಿಯಲ್ಲಿ ಕೂತವಳಾಗಿರುತ್ತಿದ್ದೆನೋ? ಗೊತ್ತಿಲ್ಲ. ಮಗುವಿನ ಪರೀಕ್ಷೆಯೇನೋ ಆಯಿತು. ನನ್ನ ಧೈರ್ಯವನ್ನು ಯಾರೂ ಅರೆದು ನೋಡಲಿಲ್ಲ. ಕೋಠಿಯಲ್ಲಿ ಈಗಲೂ ರೋಗದ ಹಾಳೆ ಸುಡುತ್ತೇನೆ, ಸುಡದಿದ್ದರೆ ಊರೂರಿನ ಹುಳು ಸತ್ತೀತು. ಆದರೆ ಯಾರಾದರೂ ಇನ್ನೊಂದ್ಸಲ ಎಂದರೆ, ಫಲಿತಾಂಶ ಬದಲಾಗುವುದಿಲ್ಲವೆಂದು ತಿಳಿದಿದ್ದರೂ, ಮತ್ತೊಮ್ಮೆ ಕಣ್ಣಿಟ್ಟು ನೋಡುತ್ತೇನೆ.

ಕಚೇರಿಯವರು ಬಿಸಾಡಿದ ಈ ಮುಕ್ಕು ಒರಳನ್ನು ಕುದಿಸಿ ಕುದಿಸಿ ಮನೆಗೆ ತಂದದ್ದು ನಾನೇ. ನಾಲ್ಕು ವರ್ಷದ ಚರಿತಾ ಅದರಲ್ಲಿ ದಾಸವಾಳದ ಎಲೆ ಅರೆದು ಕೋಠಿ ಆಟ ಆಡುತ್ತಾಳೆ. ಮೊನ್ನೆ ತನ್ನ ಬೆರಳನ್ನೇ ಅದರೊಳಗಿಟ್ಟು, "ಅಮ್ಮಾ, ನನ್ನ ನೋಡು, ಪಾಸಾ?" ಎಂದಳು. "ನೋಡೋದೇ ಬೇಡ ಕಣೇ, ಪಾಸು" ಎಂದೆ. ನೋಡದೆ ಕೊಟ್ಟ ಸರ್ಟಿಫಿಕೇಟು, ನನ್ನ ಸರ್ವೀಸಿನಲ್ಲಿ ಅದೊಂದೇ.

"ಈಗ ನಿಂದು" ಎಂದು ಅವಳು ನನ್ನ ಬೆರಳನ್ನು ಒರಳಿಗೆಳೆದುಕೊಂಡು, ಒಂದು ಕಣ್ಣು ಮುಚ್ಚಿ, ಮೂಗು ತಾಗುವಷ್ಟು ಬಗ್ಗಿ, ಬಹಳ ಹೊತ್ತು ನೋಡಿದಳು. ನಾನು ಇನ್ನೊಂದು ಕೈಯಲ್ಲಿ ಸೆರಗು ಹಿಂಡುತ್ತಾ ನಿಂತಿದ್ದೆ.

"ಗೊತ್ತಾಗ್ತಿಲ್ಲಮ್ಮ" ಎಂದಳು ಕೊನೆಗೆ, "ಇನ್ನೊಂದ್ಸಲ ನೋಡ್ಬೇಕು."