ಉಪ್ಪು ಬಿದ್ದ ಉರಿ

ನಿಜಾಮರ ಕಾಲದಲ್ಲಿ ನನ್ನ ಯಜಮಾನರು ಕಲಬುರಗಿಯ ಒಂದು ಶಾಲೆಯಲ್ಲಿ ವಿಜ್ಞಾನದ ಮಾಸ್ತರರಾಗಿದ್ದರು. ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಗಾಜಿಪುರ ಓಣಿಯ ನಮ್ಮ ಬಾಡಿಗೆ ಮನೆಗೆ ಬಂದ ಮೇಲೆ ಅದನ್ನೇ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ.

ಒಂದು ಸಂಜೆ ಅವರು ಶಾಲೆಯ ಸ್ಪಿರಿಟ್ ದೀಪವನ್ನು ಮನೆಗೇ ತಂದರು. ಟೋಪಿಯನ್ನೂ ತೆಗೆಯದೆ ಕುಳಿತು, ದೀಪ ಹಚ್ಚಿ, ನೀಲಿ ಉರಿಗೆ ಚಿಟಿಕೆ ಉಪ್ಪು ಹಾಕಿದರು.

"ಯಾವ ಬಣ್ಣ ಅದ, ಹೇಳು."

"ಹಳದಿ ಅದರಿ."

ಅವರಿಗೆ ಅದು ಬೂದಿಯಂತೆ ಕಾಣುತ್ತಿತ್ತಂತೆ. ಅಂದು ತರಗತಿಯಲ್ಲಿ ಹಸಿರು ಉರಿ ಕೊಡುವ ಮೈಲುತುತ್ತವೆಂದು ತಿಳಿದು ಉಪ್ಪಿನ ಬಟ್ಟಲಿಗೆ ಕೈಹಾಕಿ, ಹಳದಿ ಉರಿಯನ್ನು ತೋರಿಸಿ ಹಸಿರು ಎಂದಿದ್ದರು. ಹುಡುಗರು ನಕ್ಕಿದ್ದರು.

ಆಮೇಲೆ ತಾವಾಗಿಯೇ ವಿವರಿಸಿದರು. ಪರಮಾಣುವಿನ ನಡುವೆ ಧನ ವಿದ್ಯುತ್ತಿನ ತಿರುಳು, ಸುತ್ತ ಋಣ ವಿದ್ಯುತ್ತಿನ ಎಲೆಕ್ಟ್ರಾನುಗಳು. ಎರಡೂ ಸಮವಾಗಿರುವುದರಿಂದ ಮುಟ್ಟಿದವರಿಗೆ ಏನೂ ತಿಳಿಯುವುದಿಲ್ಲ. ಎಲೆಕ್ಟ್ರಾನುಗಳಿಗೆ ಗೊತ್ತುಪಡಿಸಿದ ಮೆಟ್ಟಿಲುಗಳಿವೆ, ನಡುವೆ ನಿಲ್ಲುವಂತಿಲ್ಲ. ಕಾವು ತಾಗಿದರೆ ಮೇಲಕ್ಕೆ ಹಾರುತ್ತವೆ, ಮರಳಿ ಇಳಿಯುವಾಗ ಬೆಳಕು ಬಿಡುತ್ತವೆ. ಉಪ್ಪಿನೊಳಗಿನ ಸೋಡಿಯಂ ಕೊಡುವುದು ಯಾವಾಗಲೂ ಈ ಹಳದಿಯನ್ನೇ.

"ಅದು ತಪ್ಪೂದಿಲ್ಲ. ತಪ್ಪಿದ್ದು ನನ್ನ ಕಣ್ಣು," ಎಂದರು.

ಹೈದರಾಬಾದಿನ ಡಾಕ್ಟರು ಕಣ್ಣಿನ ನರ ಒಣಗುತ್ತಿದೆ, ಮದ್ದಿಲ್ಲ ಎಂದುಬಿಟ್ಟರು. ನೌಕರಿ ಹೋಯಿತು. ಕಮಲಾಪುರದ ನನ್ನ ತವರಿಗೆ ಬಂದೆವು. ಅತ್ತೆಮನೆಯ ಅನ್ನ ಅವರಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕಣ್ಣು ಪೂರ್ತಿ ಹೋದ ಮೇಲೆ ನನ್ನ ಅಣ್ಣ ಅವರನ್ನು ಸಂಜೆ ಕೈಹಿಡಿದು ಊರ ಕಟ್ಟೆಗೆ ಕರೆದೊಯ್ಯುತ್ತಿದ್ದ. ಶಾಲೆಯಲ್ಲಿ ಏನು ಕಲಿಸುತ್ತಿದ್ದಿರಿ ಎಂದು ಅಲ್ಲಿ ಯಾರೋ ಕೇಳಿದರಂತೆ. ಇವರು ಆಸೆಯಿಂದ, ಈ ಕಲ್ಲಿನೊಳಗೂ ವಿದ್ಯುತ್ತಿದೆ ಎಂದು ಶುರುಮಾಡಿದರು.

"ನಮಗ ಕಣ್ಣಿದ್ದರೂ ಕಾಣವಲ್ಲದು. ಮಾಸ್ತರಗ ಕಾಣಸ್ತದ ನೋಡ್ರಿ," ಎಂದರಂತೆ ಬಾಳೆತೋಟದ ಒಬ್ಬ ಹಿರಿಯರು. ಕೇಡು ಬಯಸಿ ಆಡಿದ ಮಾತಲ್ಲ, ಆದರೂ ಎಲ್ಲರೂ ನಕ್ಕರು. ಅಂದಿನಿಂದ ಇವರು ಹೊಸ್ತಿಲು ದಾಟಲಿಲ್ಲ. ಪಾಠದ ಮಾತನ್ನೂ ಬಿಟ್ಟರು.

ಹೇಗಾದರೂ ಮಾತಾಡಿಸಬೇಕೆಂದು ಒಂದು ಮಧ್ಯಾಹ್ನ ನಾನೇ ಕೇಳಿದೆ. ಧನ ಋಣ ಒಂದನ್ನೊಂದು ಎಳೆಯುತ್ತವಲ್ಲ, ಹಾಗಿದ್ದರೆ ಎಲೆಕ್ಟ್ರಾನು ನಡುವಿನ ತಿರುಳಿಗೆ ಹೋಗಿ ಬೀಳುವುದಿಲ್ಲವೇಕೆ? ಅದು ಬಹಳ ದಿನದಿಂದ ನನ್ನಲ್ಲಿದ್ದ ಅನುಮಾನವೂ ಹೌದು.

ಅವರ ಮುಖ ನನ್ನತ್ತ ತಿರುಗಿತು.

"ಎಲ್ಲಕ್ಕೂ ಕೆಳಗಿನ ಮೆಟ್ಟಲ ಒಂದದ. ಅದರ ಕೆಳಗ ಇಳಿಲಾಕ ಜಾಗಾನೇ ಇಲ್ಲ," ಎಂದರು. ಹುಡುಗರು ಯಾರೂ ಇದನ್ನು ಕೇಳಿರಲಿಲ್ಲವಂತೆ. ಉಳಿದದ್ದನ್ನು ನಾಳೆ ಹೇಳುತ್ತೇನೆಂದು ಗೋಡೆಯ ಕಡೆ ಹೊರಳಿದರು.

ಮರುದಿನ ಹೇಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಜ್ವರ ಬಂದು ತೀರಿಹೋದರು.

ಅಣ್ಣನ ಮಕ್ಕಳು ದೊಡ್ಡವರಾಗಿ ಕಲಬುರಗಿಗೆ ಓದಲು ಹೋದರು. ರಜೆಯಲ್ಲಿ ಬಂದು ಅದೇ ಪಾಠವನ್ನು ಗಟ್ಟಿಯಾಗಿ ಓದುವಾಗ, ಯಜಮಾನರು ನಾಳೆಗೆಂದು ಉಳಿಸಿದ್ದ ಭಾಗ ಬರುವ ಮೊದಲೇ ನಾನು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ.